ರತ್ನಾಕರದ ಹರಳು: ಕಾರವಾರ–ಅಂಕೋಲೆಗಳ ಕರಾವಳಿಯ ಆಗರಗಳನ್ನು ಕುರಿತು

ಸಮುದ್ರಕ್ಕೆ ಸಂಸ್ಕೃತ ಕೋಶಕಾರರು ಕೊಟ್ಟಿರುವ ಹೆಸರುಗಳಲ್ಲಿ ರತ್ನಾಕರವೆಂಬುದೂ ಒಂದು. ಅಮರಸಿಂಹನು ವಾರಿವರ್ಗದಲ್ಲಿ ಈ ಹೆಸರನ್ನು ಹೇಳಿದ್ದಾನೆ. ಅಲ್ಲಿಯೇ ಸಮುದ್ರದ ಪ್ರಭೇದಗಳನ್ನು ಸೂಚಿಸುವಾಗ ಲವಣೋದವನ್ನೂ ಹೇಳಿದ್ದಾನೆ. ಮೊದಲನೆಯ ಹೆಸರಿಗೆ ಕಾವ್ಯಗಳಲ್ಲಿ ದೊರೆತ ಮರ್ಯಾದೆಯು ಎರಡನೆಯದಕ್ಕೆ ದೊರೆಯಲಿಲ್ಲ. ಕಡಲನ್ನು ಹೊಗಳಬೇಕಾದಾಗ ಕವಿಯು ಅದನ್ನು ರತ್ನಾಕರವೆನ್ನುತ್ತಾನೆ. ಹಳಿಯಬೇಕಾದಾಗ, ಬಾಯಾರಿದವನಿಗೆ ಒದಗದ ಉಪ್ಪುನೀರಿನ ರಾಶಿಯೆನ್ನುತ್ತಾನೆ. ಕಾರವಾರ ಅಂಕೋಲೆಗಳ ಸೀಮೆಯಲ್ಲಿ ರತ್ನ, ಹರಳು, ಖನಿಜಗಳ ಪೂರ್ವೇತಿಹಾಸವನ್ನು ವಿಚಾರಿಸಹೊರಟವನಿಗಾದರೋ ಹಳಿದ ಹೆಸರೇ ದಾರಿ ತೋರಿಸುತ್ತದೆಂಬುದು ನನ್ನ ಅಭಿಪ್ರಾಯ. ಈ ತೀರದ ಮೇಲೆ ಹಾದುಹೋದ ರತ್ನಗಳು ಅನೇಕ. ಈ ತೀರದಲ್ಲಿ ಹುಟ್ಟಿದ ಹರಳು ಮಾತ್ರ ಒಂದೇ. ಅದು ಉಪ್ಪು. ಇದನ್ನು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ಭಾಷೆಯೂ ಶಾಸ್ತ್ರವೂ ರಾಜಶಾಸನಗಳೂ ಇದಕ್ಕೆ ಸಾಕ್ಷಿಯಾಗಿವೆಯೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. ಕಾಳೀನದಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯವರೆಗಿನ ಗುಡ್ಡಗಳು ಬಹು ಪ್ರಾಚೀನವಾದ ಕಗ್ಗಲ್ಲಿನವು. ಅವುಗಳ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಕರಾವಳಿಯವರು ಇದನ್ನು ಚಿರೆಕಲ್ಲೆನ್ನುತ್ತಾರೆ. 1801ರ ಆರಂಭದಲ್ಲಿ ಗೋಕರ್ಣ, ಅಂಕೋಲೆ, ಸದಾಶಿವಗಡಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೇ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವನು. ಅವನು ಅದನ್ನು ಲಕ್ಷಣವಿಟ್ಟು ನೋಡಿದ್ದು ಮಲಬಾರಿನ ಅಂಗಡಿಪುರದಲ್ಲಿ. ಅವನ ಗ್ರಂಥವು ಅಚ್ಚಾದದ್ದು 1807ರಲ್ಲಿ. ನೆಲದಲ್ಲಿರುವಾಗ ಮೆತ್ತಗಿದ್ದು, ಕೊಯ್ದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಅವನು ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬರ್ಥದ ಮಾತಿನಿಂದ ಕರೆದನು. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯು ಕುಳಿತೇ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ಅಂಕೋಲೆಗೆ ಆಗ್ನೇಯದಲ್ಲಿ, ಕುಮಟೆಯ ತಾಲೂಕಿನ ಕಾಡಿನೊಳಗೆ, ಯಾಣದ ಎರಡು ಬಂಡೆಗಳಿವೆ. ಭೈರವೇಶ್ವರ ಶಿಖರವು ಸುಮಾರು 120 ಮೀಟರ್, ಮೋಹಿನೀ ಶಿಖರವು ಸುಮಾರು 90 ಮೀಟರ್ ಎತ್ತರವಿದೆ. ಇವು ಸ್ಫಟಿಕರೂಪವನ್ನು ತಾಳಿದ ಕರಿಯ ಸುಣ್ಣಗಲ್ಲು. ಭಸ್ಮಾಸುರನು ಉರಿದುಹೋದ ಸ್ಥಳವಿದಾದ್ದರಿಂದ ಕಲ್ಲೂ ಮಣ್ಣೂ ಕಪ್ಪಾದುವೆಂಬುದು ಸ್ಥಳಪುರಾಣ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆಯು ಹಿಂದೆ ಅಲ್ಲಿಗೆ ಹೋಗುವ ದಾರಿ ಎಷ್ಟು ದುರ್ಗಮವಾಗಿತ್ತೆಂಬುದನ್ನು ಹೇಳುತ್ತದೆ. ಕಾರವಾರಕ್ಕೆ ಬಡಗಣ ಮಾಜಾಳಿಯ ಬಳಿ ತಿಳಮಾತಿಯೆಂಬ ಸಣ್ಣ ಕಡಲಂಡೆಯಿದೆ. ಕರಿಯ ಕಲ್ಲು ಸವೆದು ಆದ ಅಲ್ಲಿನ ಮರಳು ಎಳ್ಳಿನಂತಿರುವುದರಿಂದ ಕೊಂಕಣಿಯವರು ಆ ಹೆಸರನ್ನಿಟ್ಟರು. ಮರಳಿನಲ್ಲಿ ಬೆಣಚುಕಲ್ಲಿನ ಕಣಗಳುಂಟು, ಅಭ್ರಕದ ಮಿಣುಕುಂಟು. ಉಂಗುರಕ್ಕೆ ಕೂರಿಸತಕ್ಕ ಕಲ್ಲಿನ ಗಣಿಯೊಂದೂ ಈ ಎರಡು ತಾಲೂಕುಗಳ ಚರಿತ್ರೆಯಲ್ಲಿ ಹೆಸರು ಪಡೆದಿಲ್ಲ.

ಇದರಲ್ಲಿ ಒಂದು ವಿನೋದವಿದೆ. ಕಾರವಾರದ ಶಿಲಾಖಂಡವು ಸುಮಾರು 320 ಕೋಟಿ ವರ್ಷಗಳಷ್ಟು ಹಳೆಯದೆಂದೂ, ಅದು ಮಡಗಾಸ್ಕರ್ ದ್ವೀಪದ ಮೂಡಣ ಭಾಗದ ಶಿಲೆಗಳೊಡನೆ ಒಂದೇ ಕುಲದ್ದೆಂದೂ, ಕುಮಟೆಯ ಬಳಿ ಹಾದುಹೋಗುವ ಒಂದು ಬೆಸುಗೆಯ ರೇಖೆಯಲ್ಲಿ ಅದು ಧಾರವಾಡದ ನೆಲಕ್ಕೆ ಕೂಡಿಕೊಂಡಿದೆಯೆಂದೂ 2013ರಲ್ಲಿ ಪ್ರಕಟವಾದ ಭೂವಿಜ್ಞಾನದ ಸಂಶೋಧನೆಯೊಂದು ಪ್ರತಿಪಾದಿಸಿದೆ. ಮಡಗಾಸ್ಕರವು ನಮ್ಮ ಪಡುವಣ ತೀರದಿಂದ ಬೇರ್ಪಟ್ಟು ಸುಮಾರು 9 ಕೋಟಿ ವರ್ಷಗಳಾದುವು. ನೀಲ, ವೈಡೂರ್ಯವರ್ಗದ ಕಲ್ಲುಗಳು, ತುರಮಲಿ ಇವುಗಳಿಗೆ ಆ ದ್ವೀಪವು ಇಂದು ಜಗತ್ತಿನಲ್ಲಿ ಹೆಸರಾಗಿದೆ. ದಾಯಾದಿಗಳು ಪಾಲಾದಾಗ ಒಡವೆಯ ಪೆಟ್ಟಿಗೆ ಅತ್ತ ಹೋಗಿ, ಉಪ್ಪಿನ ಮಡಕೆ ಇತ್ತ ಉಳಿಯಿತೆಂದು ಯಾರಾದರೂ ನಕ್ಕರೆ ತಪ್ಪೇನೂ ಇಲ್ಲ.

ಇನ್ನು ಹಾದುಹೋದ ರತ್ನಗಳ ಮಾತು. ವಿಜಯನಗರದ ವಜ್ರಗಳು ಹೊರಬಿದ್ದದ್ದು ಮೂಡಣ ಸೀಮೆಯಲ್ಲಿ, ಅನಂತಪುರದ ಕಡೆಯ ವಜ್ರಕರೂರು ಮೊದಲಾದ ಎಡೆಗಳಲ್ಲಿ ಮತ್ತು ಕೃಷ್ಣೆಯ ಕೆಳದಂಡೆಯಲ್ಲಿ. ಅವುಗಳನ್ನು ಕೊಳ್ಳುವ ದೊಡ್ಡ ಪೇಟೆಗಳಲ್ಲೊಂದು ಗೋವೆ. ಅಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ತನು 1563ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದ ಸಂವಾದರೂಪದ ಗ್ರಂಥದಲ್ಲಿ ಔಷಧಿಗಳ ನಡುವೆ ವಜ್ರಕ್ಕೂ ಒಂದು ಸಂವಾದವನ್ನು ಮೀಸಲಿಟ್ಟಿದ್ದಾನೆ. ಗಣಿಗೂ ಪೇಟೆಗೂ ನಡುವಣ ದಾರಿಗಳಲ್ಲೊಂದು ಅಂಕೋಲೆಯ ಮೇಲೆ ಹೋಗುತ್ತಿತ್ತು. ತಾಳಿಕೋಟೆಯ ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ವೆನಿಸ್ ನಗರದ ವರ್ತಕ ಚೆಸಾರೆ ಫೆದೆರಿಚಿಯು ಹಾಳಾದ ವಿಜಯನಗರವನ್ನು ಕಂಡು ಕೆಲವು ತಿಂಗಳು ಅಲ್ಲಿದ್ದು, ಗೋವೆಗೆ ಹಿಂದಿರುಗುವಾಗ ಅಂಕೋಲೆಗೆ ಬಂದನು. ಆಗ ಅದು ಗೇರುಸೊಪ್ಪೆಯ ರಾಣಿಗೆ ಸೇರಿದ್ದಿತು. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕ ಕಥೆಯನ್ನೂ ಅವನು ಹೇಳಿಕೊಂಡಿದ್ದಾನೆ. ಮುಂಚೆ ಪ್ರತಿವರ್ಷವೂ ಗೋವೆಯಿಂದ ಮೇಲಕ್ಕೆ ಕುದುರೆಗಳೂ ಪಟ್ಟೆವಸ್ತ್ರಗಳೂ ಕೇಸರಿಯೂ ಹೋಗಿ, ಮೇಲಿನಿಂದ ರತ್ನಗಳೂ ಹೊನ್ನಿನ ವರಹಗಳೂ ಇಳಿದುಬರುತ್ತಿದ್ದುವೆಂದು ಅವನ ಬರವಣಿಗೆಯಿಂದ ತಿಳಿಯುತ್ತದೆ.

ಇದಕ್ಕೆ ಇಪ್ಪತ್ತು ವರ್ಷ ಹಿಂದೆ, 1547ರಲ್ಲಿ, ಸದಾಶಿವರಾಯನಿಗೂ ಪೋರ್ಚುಗೀಸರ ಗವರ್ನರ್ ಜೊಆವ್ ದ ಕಾಸ್ತ್ರೋನಿಗೂ ಆದ ಕೌಲು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಕುದುರೆಗಳೆಲ್ಲವೂ ರಾಯನಿಗೇ ಸಲ್ಲಬೇಕು. ಪೆಟ್ಲುಪ್ಪೂ ಕಬ್ಬಿಣವೂ ಬಿಜಾಪುರಕ್ಕೆ ಹೋಗದೆ ಪೋರ್ಚುಗೀಸರಿಗೆ ಮಾರಾಟವಾಗಬೇಕು. ರಾಯನ ಸೀಮೆಯ ವಸ್ತ್ರಗಳು ಅಂಕೋಲೆ ಹೊನ್ನಾವರಗಳಿಗೆ ಬಂದು ಅಲ್ಲಿ ತಾಮ್ರ, ಹವಳ, ಪಾದರಸ ಮೊದಲಾದುವುಗಳಿಗೆ ವಿನಿಮಯವಾಗಬೇಕು ಎಂಬುದು ಅದರ ಸಾರ. ಹವಳವೆಂಬ ಮಾತನ್ನು ಇಲ್ಲಿ ನಿಂತು ನೋಡಬೇಕು. ನವರತ್ನಗಳಲ್ಲಿ ಕಡಲಿನಿಂದ ಬರತಕ್ಕವು ಎರಡೇ, ಮುತ್ತು ಮತ್ತು ಹವಳ. ಮುತ್ತು ನಮ್ಮ ದೇಶಕ್ಕೆ ಮನ್ನಾರಿನ ಕೊಲ್ಲಿಯಿಂದಲೂ ಪಾರಸೀಕದ ಕೊಲ್ಲಿಯಿಂದಲೂ ಬರುತ್ತಿತ್ತು. ಕೆಂಪು ಹವಳವು ಮೆಡಿಟರೇನಿಯನ್ ಸಮುದ್ರದ್ದು. ಎಂದರೆ, ರತ್ನಾಕರದ ದಂಡೆಯಲ್ಲಿಯೇ ಇದ್ದ ಅಂಕೋಲೆಗೆ ರತ್ನಾಕರದ ರತ್ನವೂ ಹಡಗಿನಲ್ಲಿ ಪರದೇಶದಿಂದ ಬರಬೇಕಾಗಿತ್ತು!

1638ರಲ್ಲಿ ಕಾರವಾರದಲ್ಲಿ ಕೋಠಿಯನ್ನಿಟ್ಟ ಇಂಗ್ಲಿಷರಿಗೆ ಮೆಣಸೂ ನಯವಾದ ಅರಿವೆಯೂ ಮುಖ್ಯವಾಗಿದ್ದುವು, ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಈಚಿನ ಕಾಲದಲ್ಲಿಯೂ ಹಳೆಯ ರೀತಿಯೇ ನಡೆದುಬಂದಿತು. ಘಟ್ಟದ ಮೇಲಣ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರುಗಳು ಕಾರವಾರದ ಬಂದರಿನಲ್ಲಿಯೂ ಅಂಕೋಲೆ ತಾಲೂಕಿನ ಬೇಲೆಕೇರಿಯಲ್ಲಿಯೂ ಹಡಗನ್ನೇರಿದುವು. ಸೊಂಡೂರು ಹೊಸಪೇಟೆಗಳ ಕಡೆಯಿಂದ ಬಂದು ಬೇಲೆಕೇರಿಯಲ್ಲಿ ರಾಶಿಬಿದ್ದಿದ್ದ ಅದಿರನ್ನು 2010ರಲ್ಲಿ ಸರ್ಕಾರವು ಮುಟ್ಟುಗೋಲು ಹಾಕಿದ ಮೇಲೆಯೂ ಅದರಲ್ಲಿ ಲಕ್ಷಾಂತರ ಟನ್ನು ಮಾಯವಾದದ್ದು 2011ರ ಲೋಕಾಯುಕ್ತ ವರದಿಯ ಕಾಲದಲ್ಲಿ ನಾಡೆಲ್ಲ ಚರ್ಚಿಸಿದ ಸಂಗತಿ. ವಿಜಯನಗರದ ಕಾಲದಲ್ಲಿ ವಜ್ರ, ನಮ್ಮ ಕಾಲದಲ್ಲಿ ಅದಿರು; ಎರಡೂ ಬಳ್ಳಾರಿ ಅನಂತಪುರಗಳ ನೆಲದವು, ಎರಡಕ್ಕೂ ಅಂಕೋಲೆಯು ಹೊಸ್ತಿಲು ಮಾತ್ರ.

ಹಾಗಾದರೆ ಈ ಸೀಮೆಯ ಸ್ವಂತ ಹರಳು ಯಾವುದು? ಹರಳು ಎಂಬ ಮಾತನ್ನೇ ಮೊದಲು ವಿಚಾರಿಸೋಣ. ಹಳಗನ್ನಡದ ಪರಲ್ ಎಂಬುದು ಪಕಾರವು ಹಕಾರವಾಗಿ ಹರಳ್, ಹರಳು ಎಂದಾಯಿತು. ತಮಿಳಿನಲ್ಲಿ ಪರಲ್ ಎಂದೇ ಉಳಿದಿದೆ. ಶಿಲಪ್ಪದಿಕಾರದ ಕಥೆಯೆಲ್ಲ ಈ ಮಾತಿನ ಮೇಲೆ ತಿರುಗುವುದನ್ನು ಸಾಹಿತ್ಯಜ್ಞರು ಬಲ್ಲರು: ಪಾಂಡ್ಯರಾಣಿಯ ಕಾಲಂದುಗೆಯೊಳಗಿನ ಪರಲುಗಳು ಮುತ್ತು, ಕಣ್ಣಗಿಯ ಕಾಲಂದುಗೆಯೊಳಗಿನವು ಮಾಣಿಕ್ಯ. ಕನ್ನಡದಲ್ಲಿ ಈ ಮಾತು ಹೊಳೆಯಲ್ಲಿನ ಸಣ್ಣ ಕಲ್ಲಿಗೂ ಸಲ್ಲುತ್ತದೆ, ಔಡಲದ ಬೀಜಕ್ಕೂ ಸಲ್ಲುತ್ತದೆ, ಉಂಗುರದ ಕಲ್ಲಿಗೂ ಸಲ್ಲುತ್ತದೆ, ಉಪ್ಪಿಗೂ ಸಲ್ಲುತ್ತದೆ. ಸಂಸ್ಕೃತದ ಸ್ಫಟಿಕಕ್ಕಾಗಲಿ ರತ್ನಕ್ಕಾಗಲಿ ಈ ಔದಾರ್ಯವಿಲ್ಲ. ಉಪ್ಪಿನ ಹರಳು, ಉಂಗುರದ ಹರಳು ಎಂದು ಒಂದೇ ಉಸಿರಿನಲ್ಲಿ ಹೇಳುವ ಕನ್ನಡಿಗನಿಗೆ ಇವೆರಡೂ ಒಂದೇ ಜಾತಿಯೆಂಬ ಅರಿವು ಮೊದಲಿನಿಂದಲೂ ಇತ್ತೆಂದು ಹೇಳಿದರೆ ಅತಿಯಾಗಬಹುದು. ಆದರೆ ಕಣ್ಣು ಕಂಡದ್ದನ್ನು ನಾಲಗೆ ಒಪ್ಪಿಕೊಂಡಿತೆಂಬುದು ನಿಜ. ಕ್ಷ-ಕಿರಣಗಳಿಂದ ಹರಳುಗಳೊಳಗಿನ ಅಣುವಿನ್ಯಾಸವನ್ನು ಮೊದಲು ಬಿಡಿಸಿ ತೋರಿಸಿದ ಬ್ರ್ಯಾಗ್ ತಂದೆಮಕ್ಕಳು 1913ರಲ್ಲಿ ಎತ್ತಿಕೊಂಡ ಮೊದಲ ಪದಾರ್ಥಗಳಲ್ಲಿ ಉಪ್ಪೂ ವಜ್ರವೂ ಜೊತೆಯಾಗಿದ್ದುವು.

ಇನ್ನು ಆಗರ. ಉಪ್ಪು ಬೆಳೆಯುವ ಗದ್ದೆಗೆ ನಮ್ಮ ಕರಾವಳಿಯಲ್ಲಿ ಆಗರವೆನ್ನುತ್ತಾರೆ. ಮರಾಠಿಯಲ್ಲಿ ಮಿಠಾಗರ, ಗೋವೆಯ ಕೊಂಕಣಿಯಲ್ಲಿಯೂ ಮೀಠ ಮತ್ತು ಆಗರ ಸೇರಿದ ಮಾತೇ ಇದೆ. ಠಾಣೆಯ ಕಡೆ ಉಪ್ಪು ಮಾಡುತ್ತಿದ್ದ ಆಗ್ರಿ ಜನರ ಹೆಸರೂ ಇದೇ ಮೂಲದ್ದು. ಇದು ಸಂಸ್ಕೃತದ ಆಕರ ಶಬ್ದದ ತದ್ಭವವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆಕಾಶವು ಆಗಸವಾದಂತೆ, ಮಕರವು ಮಗರವಾದಂತೆ, ಪ್ರಾಕಾರವು ಪಾಗಾರವಾದಂತೆ ಆಕರವು ಆಗರವಾಯಿತು. ಆಕರವೆಂದರೆ ಖನಿ, ಎಂದರೆ ಗಣಿ. ಅಮರನು ಇವೆರಡನ್ನೂ ಪರ್ಯಾಯಗಳಾಗಿ ಹೇಳಿದ್ದಾನೆ. ಅಂದಮೇಲೆ ರತ್ನಾಕರದೊಳಗಿನ ಆಕರವೂ ಉಪ್ಪಿನಾಗರದೊಳಗಿನ ಆಗರವೂ ಒಂದೇ ಶಬ್ದ. ಪಂಡಿತನು ಅದನ್ನು ಸಂಸ್ಕೃತದಲ್ಲಿ ಕಡಲಿಗೆ ಹೇಳಿದನು. ಉಪ್ಪಿನವನು ತದ್ಭವದಲ್ಲಿ ತನ್ನ ಗದ್ದೆಗೆ ಹೇಳಿದನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮನೆಯೆಂಬರ್ಥದ ಆಗಾರ ಶಬ್ದದಿಂದಲೇ ಆಗರವು ಬಂದಿರಬಾರದೇಕೆ, ಗುಣಗಳ ಆಗರ ಎನ್ನುವಾಗ ನೆಲೆಯೆಂಬ ಅರ್ಥವೂ ಹೊಂದುವುದಲ್ಲವೇ ಎಂದು ಕೇಳಬಹುದು. ಸಮಾಧಾನವೇನೆಂದರೆ, ಆಗಾರವು ಸಮಾಸದ ಕೊನೆಯಲ್ಲಿ ಬಂದು ದೇಶಭಾಷೆಗಳಿಗೆ ಇಳಿದಾಗ ಗಕಾರವು ಬಿದ್ದುಹೋಗುವುದೇ ರೂಢಿ. ಭಾಂಡಾಗಾರವು ಭಂಡಾರವಾಯಿತು, ಕೋಷ್ಠಾಗಾರವು ಕೊಠಾರವಾಯಿತು. ಮಿಠಾಗರವು ಮಿಠಾರವಾಗದೆ ನಿಂತಿರುವುದು ಅದು ಬೇರೆ ಶಬ್ದವೆಂಬುದಕ್ಕೆ ಗುರುತು. ಜೈನಾಗಮಗಳ ಅರ್ಧಮಾಗಧಿಯಲ್ಲಿಯೂ ಗ್ರಾಮ, ನಗರ, ಖೇಡ, ಕರ್ವಡ ಮೊದಲಾದ ವಸತಿಗಳ ಸಾಲಿನಲ್ಲಿ ಆಗರವು ಗಣಿಯ ಊರೆಂಬ ಅರ್ಥದಲ್ಲಿ ಬರುತ್ತದೆ. ಗೇರುಸೊಪ್ಪೆ, ಹಾಡುವಳ್ಳಿಗಳ ಜೈನ ವಿದ್ವಾಂಸರಿಗೆ ಆ ಸಾಲು ಪರಿಚಿತವಾಗಿದ್ದಿರಲೇಬೇಕು.

ಅಗೆಯದೆ ಇರುವ ಗದ್ದೆಗೆ ಗಣಿಯೆಂಬ ಹೆಸರು ಹೇಗೆ ಸಂದಿತೆಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರವನ್ನು ಕೌಟಿಲ್ಯನು ಕೊಡುತ್ತಾನೆ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಹನ್ನೆರಡನೆಯ ಅಧ್ಯಾಯವು ಆಕರಗಳನ್ನು ನಡೆಯಿಸುವ ವಿಧಾನವನ್ನು ಕುರಿತದ್ದು. ಅದರ ಹಿಂದಿನ ಅಧ್ಯಾಯ ರತ್ನಪರೀಕ್ಷೆಯದು. ಆಕರಾಧ್ಯಾಯದಲ್ಲಿ ಖನಿಗಳ ಅಧ್ಯಕ್ಷನು ಶಂಖ, ವಜ್ರ, ಮಣಿ, ಮುತ್ತು, ಹವಳ, ಕ್ಷಾರ ಇವೆಲ್ಲದರ ಕೆಲಸವನ್ನು ಒಟ್ಟಿಗೆ ನೋಡಿಕೊಳ್ಳುತ್ತಾನೆ. ಅವನ ಬೆನ್ನಿಗೇ ಲವಣಾಧ್ಯಕ್ಷನ ಕರ್ತವ್ಯವನ್ನು ಹೇಳಿದೆ. ನೆಲವನ್ನು ಅಗೆದು ತೆಗೆದದ್ದೋ ನೀರಿನಿಂದ ಎತ್ತಿದ್ದೋ ಎಂಬ ಭೇದವು ಕೌಟಿಲ್ಯನಿಗೆ ಮುಖ್ಯವಲ್ಲ. ರಾಜನ ಬೊಕ್ಕಸಕ್ಕೆ ಪ್ರಕೃತಿಯಿಂದ ನೇರವಾಗಿ ಬರತಕ್ಕದ್ದೆಲ್ಲ ಆಕರಜವೇ. ಆದ್ದರಿಂದ ಆಗರವೆಂಬ ಮಾತು ಬಳಕೆಯಲ್ಲಿ ಜಾರಿಬಿದ್ದ ಅರ್ಥವಲ್ಲ, ಪ್ರಾಚೀನ ರಾಜನೀತಿಯ ಪರಿಭಾಷೆಯೇ ಎಂದು ತಿಳಿಯಬೇಕು. ಹೊರಗಿನಿಂದ ಬಂದ ಉಪ್ಪಿಗೆ ಆರನೆಯ ಒಂದು ಪಾಲು ಸುಂಕವನ್ನು ವಿಧಿಸಿದ ಈ ನಿಷ್ಠುರನಾದ ಅರ್ಥಶಾಸ್ತ್ರಜ್ಞನೂ ಒಂದು ವಿನಾಯಿತಿಯನ್ನು ಬರೆದಿಟ್ಟಿದ್ದಾನೆ: ಶ್ರೋತ್ರಿಯರು, ತಪಸ್ವಿಗಳು, ಬಿಟ್ಟಿ ದುಡಿಯುವವರು ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದು. ಈ ವಿನಾಯಿತಿಯ ಮಾತು ಮುಂದೆ ಮತ್ತೆ ಬರುತ್ತದೆ.

ಅಂಕೋಲೆಗೆ ತೆಂಕಣ, ಗಂಗಾವಳಿಯನ್ನು ದಾಟಿ ಗೋಕರ್ಣದ ಬಳಿ, ಅಘನಾಶಿನಿಯ ಅಳಿವೆಯ ಪಕ್ಕದಲ್ಲಿ ಸಾಣಿಕಟ್ಟೆಯ ಆಗರಗಳಿವೆ. ಈ ಕರಾವಳಿಯ ಉಪ್ಪಿನ ಚರಿತ್ರೆಗೆ ಇದೇ ಕೇಂದ್ರ. ಮಾಘ ಮಾಸದಿಂದ ವೈಶಾಖದವರೆಗೆ ಅಲ್ಲಿಗೆ ಹೋದವರು ಕೆಲಸವನ್ನು ಕಣ್ಣಾರೆ ಕಾಣಬಹುದು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದಲ್ಲಿ ತೂಬನ್ನೆತ್ತಿ ಕಡಲನೀರನ್ನು ದೊಡ್ಡ ಮಡುವಿಗೆ ಬಿಡುತ್ತಾರೆ. ಅಲ್ಲಿಂದ ಅದು ಮಡಿಯಿಂದ ಮಡಿಗೆ ಹರಿದು ಬಿಸಿಲಿನಲ್ಲಿ ಗಟ್ಟಿಯಾಗುತ್ತ ಬರುತ್ತದೆ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಲವಣಗಳಿವೆ. ಅವುಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ನಮ್ಮ ಅಡಿಗೆಯ ಉಪ್ಪು. ನೀರು ಇಂಗಿದಂತೆ ಮೊದಲು ಸುಣ್ಣದ ಅಂಶವೂ ಆಮೇಲೆ ಜಿಪ್ಸಮೂ ಕೆಳಗಿಳಿಯುತ್ತವೆ. ಮೊದಲಿನ ಹತ್ತನೆಯ ಒಂದು ಪಾಲಿನಷ್ಟು ನೀರು ಉಳಿದಾಗ, ಬೊಮೆ ಅಳತೆಯಲ್ಲಿ 25 ಅಂಶ ದಾಟಿದ ಮೇಲೆ, ಉಪ್ಪು ಹರಳುಗಟ್ಟಲಾರಂಭಿಸುತ್ತದೆ. 30 ಅಂಶದ ಹತ್ತಿರ ಬಂದಾಗ ಉಳಿದ ನೀರನ್ನು ಹೊರಚೆಲ್ಲಬೇಕು. ಇಲ್ಲದಿದ್ದರೆ ಮೆಗ್ನೀಸಿಯದ ಲವಣಗಳು ಸೇರಿ ಉಪ್ಪು ಕಹಿಯಾಗಿ, ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ.

ಈ ಎರಡು ಅಂಕಗಳ ನಡುವೆ ಇರುವುದೇ ಆಗರದವನ ವಿದ್ಯೆ. ಮಾಪನಯಂತ್ರವಿಲ್ಲದ ಕಾಲದಲ್ಲಿ ಅವನು ನೀರಿನ ಬಣ್ಣವನ್ನೂ ಕೈಗೆ ಸಿಗುವ ಜಿಡ್ಡನ್ನೂ ನೋಡಿ ಇದನ್ನು ನಿರ್ಣಯಿಸಬೇಕಾಗಿತ್ತು. ನೀರಿನ ಮೇಲ್ಮೈಯಲ್ಲಿ ಮೊದಲು ತೇಲುವ ಹರಳು ಚೌಕಾಕಾರದ ಚಿಕ್ಕ ತಟ್ಟೆಯಂತಿದ್ದು, ಅಂಚುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆದು, ನಡುವೆ ತಗ್ಗಾದ ತಲೆಕೆಳಗಿನ ಗೋಪುರದ ಆಕಾರವನ್ನು ತಾಳಿ, ಭಾರವಾಗಿ ಮುಳುಗುತ್ತದೆ. ಗಾಳಿಯಾಡದ ಮಡಿಯಲ್ಲಿ ಹರಳು ದಪ್ಪ, ಗಾಳಿಯಲ್ಲಿ ಸಣ್ಣದು. ಮರದ ಹಲಗೆಯಿಂದ ಅದನ್ನು ನೆಲದ ಕೆಸರು ಏಳದಂತೆ ಎಳೆದು ಒಡ್ಡಿನ ಮೇಲೆ ರಾಶಿ ಮಾಡಬೇಕು. ಎಷ್ಟು ಎಚ್ಚರವಹಿಸಿದರೂ ಸಾಣಿಕಟ್ಟೆಯ ಉಪ್ಪಿನಲ್ಲಿ ಜೇಡಿಯ ಒಂದು ಛಾಯೆ ಉಳಿಯುತ್ತದೆ. ರತ್ನಪರೀಕ್ಷಕರು ದೋಷವೆನ್ನುವ ಇಂಥ ಛಾಯೆಯಿಂದಲೇ ಕರಾವಳಿಯ ಮನೆಯಾಕೆ ಇದು ನಮ್ಮ ಆಗರದ್ದು ಎಂದು ಗುರುತು ಹಿಡಿಯುತ್ತಾಳೆ.

ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ ಈ ತೀರದಲ್ಲಿ ಆಗರಕ್ಕೆ ದೊರೆಯುವ ಬಿಸಿಲು ನಾಲ್ಕೇ ತಿಂಗಳು. ಇಂದು ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಒದಗಿಸುವ ಗುಜರಾತಿನ ಒಣನೆಲದೊಡನೆ ಇದು ಸ್ಪರ್ಧಿಸಲಾರದು. ಆಗರದ ಸುತ್ತಿನ ಗಜನಿ ಭೂಮಿಯಲ್ಲಿ ಅದೇ ಉಪ್ಪುನೀರನ್ನು ಸಹಿಸುವ ಕಗ್ಗವೆಂಬ ಭತ್ತವು ಮಳೆಗಾಲದಲ್ಲಿ ಬೆಳೆಯುತ್ತದೆ. ಕಗ್ಗದ ವಿಚಾರವು ಬೇರೊಂದು ಲೇಖನಕ್ಕೆ ತಕ್ಕದ್ದು.

ಆಗರದಲ್ಲಿ ದುಡಿದವರು ಆಗೇರರು. ಕಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರಿನ 1883ರ ಕನ್ನಡ ಜಿಲ್ಲೆಯ ಸಂಪುಟದಲ್ಲಿ ಇವರನ್ನು ಉಪ್ಪು ಮಾಡುವ ಜನವೆಂದು ವರ್ಣಿಸಿದೆ. ಬಯಲುಸೀಮೆಯಲ್ಲಿ ಸವಳುಮಣ್ಣಿನಿಂದ ಉಪ್ಪನ್ನು ತೆಗೆಯುತ್ತಿದ್ದ ಉಪ್ಪಾರರಿಗೂ ಇವರಿಗೂ ಸಂಬಂಧವಿಲ್ಲ. ಉಪ್ಪಾರರ ಹೆಸರು ಪದಾರ್ಥದಿಂದ ಬಂದದ್ದು. ಆಗೇರರದು ಗಣಿಯಿಂದ ಬಂದದ್ದು. ಎಂದರೆ ಅರ್ಥಶಾಸ್ತ್ರದ ಆಕರ ಶಬ್ದವನ್ನು ತಮ್ಮ ಕುಲನಾಮದಲ್ಲಿ ಹೊತ್ತುಕೊಂಡು ಬಂದ ಜನ ಇವರು. ನಮ್ಮ ಸಮಾಜವು ಇವರನ್ನು ಅಸ್ಪೃಶ್ಯರೆಂದು ಊರಹೊರಗಿಟ್ಟಿತು. ಇಂದು ಅವರ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಇವರು ಎಳೆದು ರಾಶಿ ಹಾಕಿದ ಹರಳು ಮಾತ್ರ ಎಲ್ಲರ ಅಡಿಗೆಮನೆಗೂ ದೇವರ ನೈವೇದ್ಯಕ್ಕೂ ಸಲ್ಲುತ್ತಿತ್ತು. ರತ್ನಾಕರವೆಂಬ ಶಬ್ದದ ಮೇಲೆ ಟೀಕೆಗಳನ್ನು ಬರೆದ ನಾವು ಆಗೇರರ ಬಾಯಲ್ಲಿರುವ ಮಡಿ, ಒಡ್ಡು, ತೂಬು, ಹಲಗೆಗಳ ಹೆಸರುಗಳನ್ನು ಬರೆದಿಟ್ಟುಕೊಂಡದ್ದು ಬಲು ಕಡಿಮೆ. ಕನ್ನಡ ನಿಘಂಟುಗಳಿಗೆ ಇದು ಸಣ್ಣ ನಷ್ಟವಲ್ಲ. ಶಾಲೆಗಳ ಉಪಾಧ್ಯಾಯರು ಒಂದು ಬೇಸಗೆಯನ್ನು ಇದಕ್ಕಾಗಿ ಕೊಟ್ಟರೆ ಪ್ರಾಯಃ ಅರ್ಧದಷ್ಟನ್ನಾದರೂ ಉಳಿಸಿಕೊಳ್ಳಬಹುದು.

ಈಗ ರಾಜಶಾಸನದ ಮಾತು. 1799ರಲ್ಲಿ ಟಿಪ್ಪುವಿನ ಪತನದಿಂದ ಕನ್ನಡ ಜಿಲ್ಲೆಯು ಕಂಪನಿಯ ಕೈಸೇರಿ ಮದ್ರಾಸಿಗೆ ಸಂದಿತು. ಮದ್ರಾಸು ಸರ್ಕಾರವು 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಪಡುವಣ ತೀರವೂ ಬೇಗನೆ ಅದರೊಳಗಾಯಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಅಲ್ಲಿನ ಸುಂಕದ ಪದ್ಧತಿಯು ಬಂದಿತು. 1888ರಲ್ಲಿ ಸುಮಾರು 82 ಪೌಂಡುಗಳ ಒಂದು ಮಣಕ್ಕೆ ಎರಡೂವರೆ ರೂಪಾಯಿ ಸುಂಕವಿದ್ದಿತು. ಇಳಿಯುತ್ತ ಇಳಿಯುತ್ತ 1907ರಲ್ಲಿ ಒಂದು ರೂಪಾಯಿಗೆ ಬಂದಿತು. 1916ರಲ್ಲಿ ಒಂದೂಕಾಲು ರೂಪಾಯಿಯಾಯಿತು. 1923ರಲ್ಲಿ ಅದನ್ನು ಇಮ್ಮಡಿ ಮಾಡಿ ಮರುವರ್ಷವೇ ಇಳಿಸಬೇಕಾಯಿತು. ಅಂಕಗಳಿಗಿಂತ ಕಟ್ಟಳೆಗಳು ಹೆಚ್ಚು ಕಠಿನವಾಗಿದ್ದುವು. ಬಂಡೆಯ ಕುಳಿಯಲ್ಲಿ ತಾನಾಗಿ ಹರಳುಗಟ್ಟಿದ ಉಪ್ಪನ್ನು ಬಾಚಿಕೊಂಡವನೂ ಅಪರಾಧಿ. ದಿನವೆಲ್ಲ ಉಪ್ಪಿನಲ್ಲಿ ನಿಂತು ಕಾಲಿನ ಚರ್ಮ ಒಡೆದುಕೊಂಡ ಆಗೇರನು ಸುಂಕ ಸಲ್ಲದ ಒಂದು ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ಅವನೂ ಅಪರಾಧಿಯೇ. ಯಾವ ವಜ್ರದ ಗಣಿಗೂ ಇದಕ್ಕಿಂತ ಹೆಚ್ಚಿನ ಕಾವಲಿದ್ದಿತೆಂದು ನನಗೆ ತೋರುವುದಿಲ್ಲ. ಕೌಟಿಲ್ಯನು ಬಿಟ್ಟಿಯವನಿಗೆ ಬಿಟ್ಟಿದ್ದ ಊಟದ ಉಪ್ಪನ್ನು ಹತ್ತೊಂಬತ್ತನೆಯ ಶತಮಾನದ ಸರ್ಕಾರವು ಬಿಡಲಿಲ್ಲ.

1930ರ ಏಪ್ರಿಲ್ 6ರಂದು ಗಾಂಧಿಯವರು ದಾಂಡಿಯಲ್ಲಿ ಉಪ್ಪನ್ನೆತ್ತಿದರು. ಕರ್ನಾಟಕದ ಸತ್ಯಾಗ್ರಹಕ್ಕೆ ಆರಿಸಿದ ಸ್ಥಳ ಅಂಕೋಲೆ. ಅಲ್ಲಿ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನ ದಿನ, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕಡಲನೀರಿನಿಂದ ಉಪ್ಪನ್ನು ತಯಾರಿಸಿ ಕಾನೂನನ್ನು ಮುರಿದರು. ಧಾರವಾಡ, ಬೆಳಗಾವಿ, ಹುಬ್ಬಳ್ಳಿಗಳ ಕಾರ್ಯಕರ್ತರು ಘಟ್ಟವನ್ನಿಳಿದು ಬಂದಿದ್ದರು. ಹೀಗೆ ಮಾಡಿದ ಉಪ್ಪಿನ ಪೊಟ್ಟಣಗಳನ್ನು ಹರಾಜಿಗಿಟ್ಟಾಗ ಜನರು ಪೇಟೆಯ ಬೆಲೆಯ ಎಷ್ಟೋ ಪಾಲು ಕೊಟ್ಟು ಕೊಂಡರು. ವಜ್ರದ ಬೆಲೆಯನ್ನು ತೂಕ, ಬಣ್ಣ, ದೋಷಗಳಿಂದ ಕಟ್ಟುವ ರತ್ನಶಾಸ್ತ್ರಕ್ಕೆ ಅಂದು ಅಂಕೋಲೆಯಲ್ಲಿ ಕಟ್ಟಿದ ಬೆಲೆ ಅರ್ಥವಾಗುವಂತಹುದಲ್ಲ. ಆಮೇಲೆ ಧರಾಸಣೆ, ವಡಾಳಗಳಲ್ಲಿ ನಡೆದಂತೆ ಸಾಣಿಕಟ್ಟೆಯ ಆಗರಕ್ಕೂ ಸಾವಿರಾರು ಜನರು ನುಗ್ಗಿ, ಲಾಠಿಗಳಿಗೂ ಗುಂಡುಗಳಿಗೂ ಎದುರಾದರು. ಅಂಕೋಲೆ ಸಿದ್ಧಾಪುರಗಳ ಕರನಿರಾಕರಣೆಯ ಕಥೆ ಇದರ ಮುಂದಿನ ಅಧ್ಯಾಯ, ಅದು ಪ್ರಸಿದ್ಧವಾಗಿದೆ.

1931ರ ಮಾರ್ಚ್ 5ರಂದು ಗಾಂಧಿಯವರಿಗೂ ವೈಸರಾಯ್ ಇರ್ವಿನ್ನರಿಗೂ ಆದ ಒಪ್ಪಂದದಲ್ಲಿ ಉಪ್ಪಿನ ಕಾನೂನು ರದ್ದಾಗಲಿಲ್ಲ. ಆದರೆ ಉಪ್ಪು ದೊರೆಯುವ ಎಡೆಗಳಿಗೆ ಹೊಂದಿಕೊಂಡ ಹಳ್ಳಿಗಳವರು ಮನೆಯ ಬಳಕೆಗೂ ಹಳ್ಳಿಯೊಳಗಿನ ಮಾರಾಟಕ್ಕೂ ಉಪ್ಪನ್ನು ಸಂಗ್ರಹಿಸಬಹುದು, ಮಾಡಿಕೊಳ್ಳಬಹುದು ಎಂಬ ವಿನಾಯಿತಿ ದೊರೆಯಿತು. ಕೌಟಿಲ್ಯನ ವಿನಾಯಿತಿಯನ್ನು ಇಲ್ಲಿ ನೆನೆಯದಿರಲಾಗದು. ಸುಂಕವು ಪೂರ್ತಿಯಾಗಿ ಹೋದದ್ದು 1947ರಲ್ಲಿ.

ಸಾಣಿಕಟ್ಟೆಯ ಆಗರಗಳು ಇಂದಿಗೂ ಇವೆ; ನಾಗರಬೈಲಿನ ಉಪ್ಪು ಮಾಲೀಕರ ಸಹಕಾರಿ ಸಂಘವು ಅವನ್ನು ನಡೆಯಿಸುತ್ತದೆ. ಅಯೋಡಿನ್ ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರಬಾರದೆಂಬ ಕಟ್ಟಳೆಯು 2006ರಿಂದ ದೇಶವೆಲ್ಲ ಜಾರಿಯಲ್ಲಿದೆ. ಗಳಗಂಡವನ್ನು ತಡೆಯಲು ಮಾಡಿದ ಈ ಕಟ್ಟಳೆಯ ಹಿತವನ್ನು ವೈದ್ಯರು ಬಲ್ಲರು. ಆದರೆ ಅದರೊಡನೆ ಪೇಟೆಯಲ್ಲಿ ಹಿಟ್ಟಿನಂಥ ಪುಡಿಯುಪ್ಪೇ ಮೇಲುಗೈಯಾಗಿ, ಹರಳುಪ್ಪು ಉಪ್ಪಿನಕಾಯಿಯ ಜಾಡಿಗೂ ಮೀನಿನ ಬುಟ್ಟಿಗೂ ತೆಂಗಿನ ಬುಡಕ್ಕೂ ಸರಿಯುತ್ತಿದೆ. ಗೋಕರ್ಣದ ಸಂತೆಯಲ್ಲಿ ಸಾಣಿಕಟ್ಟೆಯ ಉಪ್ಪನ್ನು ಕೇಳುವವರು ಇನ್ನೂ ಹರಳು ಕೊಡಿ ಎಂದೇ ಕೇಳುತ್ತಾರೆ.